ಕವಲು ಅಗೆದರೆ ಸಾಕಾ? ಟ್ರಿನಿಟಿ ನದಿಯ ಸಾಲ್ಮನ್ ಪ್ರಕರಣ

ಸಾಲ್ಮನ್ ಮೀನಿನ ಮರಿ ನದಿತಳದ ಜಲ್ಲಿಯ ಸಂದಿಯಿಂದ ಮೊದಲ ಸಲ ಮೇಲೆ ಬಂದಾಗ ಒಂದೂವರೆ ಇಂಚೂ ಇರುವುದಿಲ್ಲ. ಸರಿಯಾಗಿ ಈಜಲೂ ಬರುವುದಿಲ್ಲ. ಹಸಿವು ಮಾತ್ರ ಜೋರು. ಅದಕ್ಕೆ ಎರಡು ಅಡಿ ಮೀರದ ಆಳ ಬೇಕು. ಹರಿವು ಸೆಕೆಂಡಿಗೆ ಅರ್ಧ ಅಡಿ ದಾಟಬಾರದು. ಬಚ್ಚಿಟ್ಟುಕೊಳ್ಳಲು ಎರಡು ಅಡಿಯೊಳಗೆ ಒಂದು ಕೊಂಬೆಯೋ, ಬೇರೋ, ಹುಲ್ಲಿನ ಬುಡವೋ ಸಿಗಬೇಕು. ಸೆಕೆಂಡಿಗೆ ಅರ್ಧ ಅಡಿ ಅಂದರೆ ಎಷ್ಟು ನಿಧಾನ ಗೊತ್ತಾ? ನೀರಿಗೆ ಬಿದ್ದ ತರಗೆಲೆ ಒಂದು ಮಾರು ದೂರ ಹೋಗಲು 12 ಸೆಕೆಂಡು ಹಿಡಿಯಬೇಕು. ನಿಂತು ನೋಡಿದರೆ ಬೇಜಾರಾಗುವಷ್ಟು ನಿಧಾನ.

ಉತ್ತರ ಕ್ಯಾಲಿಫೋರ್ನಿಯಾದ ಟ್ರಿನಿಟಿ ನದಿಯ ದಂಡೆಯಲ್ಲಿ ಜೀವಶಾಸ್ತ್ರಜ್ಞರು ಇದೇ ಅಳತೆ ಹಿಡಿದುಕೊಂಡು ಓಡಾಡುತ್ತಾರೆ. ಇಷ್ಟು ಆಳ, ಇಷ್ಟು ವೇಗ, ಇಷ್ಟು ಹತ್ತಿರದಲ್ಲಿ ಆಸರೆ ಇರುವ ಜಾಗ ಎಷ್ಟು ಚದರಡಿ ಇದೆ ಅಂತ ಲೆಕ್ಕ ಹಾಕುತ್ತಾರೆ. ಅಂಥ ಜಾಗ ಸುಮಾರು 40 ಮೈಲಿ ಉದ್ದಕ್ಕೂ ಹೇಗೆ ಮಾಯವಾಯಿತು, ಅದನ್ನು ಮರಳಿ ತರಲು ಏನೇನು ಮಾಡಿದರು, ಮೊದಲ ಪ್ರಯತ್ನ ಯಾಕೆ ಕೈಕೊಟ್ಟಿತು ಅನ್ನುವುದು ಈ ಬರಹದ ವಿಷಯ.

ನದಿ ಮತ್ತು ಅದರ ಕವಲುಗಳು

ಟ್ರಿನಿಟಿ ಅನ್ನುವ ಹೆಸರೇ ಒಂದು ತಪ್ಪು ಲೆಕ್ಕದಿಂದ ಬಂದದ್ದು. 1845ರಲ್ಲಿ ಪಿಯರ್ಸನ್ ರೀಡಿಂಗ್ ಎಂಬಾತ ಈ ನದಿ ನೇರವಾಗಿ ಟ್ರಿನಿಡಾಡ್ ಕೊಲ್ಲಿಗೆ ಸೇರುತ್ತದೆ ಅಂದುಕೊಂಡು ಈ ಹೆಸರಿಟ್ಟ. ನಿಜದಲ್ಲಿ ಅದು ಸಮುದ್ರ ಸೇರುವುದೇ ಇಲ್ಲ. ಬೆಟ್ಟಗಳ ನಡುವೆ 165 ಮೈಲಿ ಸುತ್ತಿಕೊಂಡು ಬಂದು ವೈಚ್‌ಪೆಕ್ ಎಂಬಲ್ಲಿ ಕ್ಲಾಮತ್ ನದಿಗೆ ಕೂಡುತ್ತದೆ. ಪೆಸಿಫಿಕ್ ಸಾಗರಕ್ಕೆ ಹೋಗುವುದು ಕ್ಲಾಮತ್. ಮೂರು ವರ್ಷಗಳ ನಂತರ ಅದೇ ರೀಡಿಂಗ್ ಈ ನದಿಯಲ್ಲಿ ಚಿನ್ನ ಕಂಡ. ಆಮೇಲೆ ಶುರುವಾದ ಗಣಿಗಾರಿಕೆ ದಂಡೆಗಳನ್ನು ಬುಡಮೇಲು ಮಾಡಿತು. ಆ ಕಲ್ಲುರಾಶಿಗಳ ಮಾತು ಕೊನೆಯಲ್ಲಿ ಮತ್ತೆ ಬರುತ್ತದೆ.

ನದಿಯ ಕೆಳಭಾಗದಲ್ಲಿ ಹೂಪಾ ಮತ್ತು ಯೂರೋಕ್ ಜನ ಇದ್ದಾರೆ. ಅವರಿಗೆ ಸಾಲ್ಮನ್ ಊಟವೂ ಹೌದು, ದುಡಿಮೆಯೂ ಹೌದು, ಪೂಜೆಯೂ ಹೌದು. ಹೂಪಾ ಜನರ ದೋಣಿ ಕುಣಿತ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅದಕ್ಕೆ ನದಿಯಲ್ಲಿ ದೋಣಿ ತೇಲುವಷ್ಟು ನೀರು ಬೇಕು. ಈಗ ಆ ಸಮಯಕ್ಕೆ ಅಣೆಕಟ್ಟಿನಿಂದ ಲೆಕ್ಕ ಹಾಕಿ ನೀರು ಬಿಡುತ್ತಾರೆ. ಹಬ್ಬಕ್ಕೆ ಅಂತ ಡ್ಯಾಮಿನ ಗೇಟು ಎತ್ತುವುದು ನಮಗೇನೂ ಹೊಸದಲ್ಲ.

ಈ ನದಿಯಲ್ಲಿ ಮುಖ್ಯವಾಗಿ ಚಿನೂಕ್, ಕೋಹೋ, ಸ್ಟೀಲ್‌ಹೆಡ್ ಎಂಬ ಮೂರು ಬಗೆಯ ಮೀನುಗಳಿವೆ. ಚಿನೂಕ್ ಮತ್ತು ಕೋಹೋ ಎಂಬ ಸಾಲ್ಮನ್‌ಗಳು ಸಮುದ್ರದಲ್ಲಿ ಬೆಳೆದು, ಹುಟ್ಟಿದ ಹೊಳೆಗೆ ವಾಪಸ್ ಬಂದು, ಮೊಟ್ಟೆಯಿಟ್ಟು ಸಾಯುತ್ತವೆ. ಹೆಣ್ಣು ಮೀನು ಬಾಲದಿಂದ ಜಲ್ಲಿಯನ್ನು ಕೆದಕಿ ಗುಂಡಿ ಮಾಡುತ್ತದೆ. ಅದರಲ್ಲಿ ಮೊಟ್ಟೆಯಿಟ್ಟು ಮತ್ತೆ ಜಲ್ಲಿ ಮುಚ್ಚುತ್ತದೆ. ಮರಿಗಳು ಚಳಿಗಾಲ ಮುಗಿಯುವ ಹೊತ್ತಿಗೆ ಹೊರಗೆ ಬರುತ್ತವೆ. ಚಿನೂಕ್ ಮರಿಗಳಲ್ಲಿ ಹೆಚ್ಚಿನವು ಕೆಲವೇ ತಿಂಗಳಲ್ಲಿ ಸಮುದ್ರದ ದಾರಿ ಹಿಡಿಯುತ್ತವೆ. ಕೋಹೋ ಮರಿಗೆ ಅಷ್ಟು ಆತುರ ಇಲ್ಲ. ಅದು ಒಂದು ವರ್ಷಕ್ಕೂ ಜಾಸ್ತಿ ಸಿಹಿನೀರಲ್ಲೇ ಇರುತ್ತದೆ. ಅಂದರೆ ಒಂದು ಇಡೀ ಚಳಿಗಾಲದ ನೆರೆಯನ್ನು ಎಲ್ಲೋ ಅಡಗಿ ಕಳೆಯಬೇಕು.

ಆ "ಎಲ್ಲೋ" ಅನ್ನುವುದೇ ಪಕ್ಕದ ಕವಲು. ದೊಡ್ಡ ನದಿ ತನ್ನ ಪಾಡಿಗೆ ರಭಸವಾಗಿ ಹರಿಯುತ್ತಿದ್ದರೆ, ಪಕ್ಕದಲ್ಲೇ ಸಣ್ಣದೊಂದು ಎಳೆ ಮರಗಳ ನಡುವೆ ನುಸುಳಿ, ಮುಂದೆಲ್ಲೋ ಹೋಗಿ ಮತ್ತೆ ಸೇರಿಕೊಳ್ಳುತ್ತದೆ. ಅಲ್ಲಿ ನೀರು ತೆಳು, ಬಿಸಿಲು ಬಿದ್ದರೆ ಬೇಗ ಬೆಚ್ಚಗಾಗುತ್ತದೆ, ಹುಳ ಜಾಸ್ತಿ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನ ಮೊದಲ ಮಳೆಗೆ ಹೊಳೆಯ ಮೀನು ಹಳ್ಳ ಹತ್ತಿ, ತೋಡು ಹತ್ತಿ ಗದ್ದೆಗೆ ಬರುವುದನ್ನು, ಹತ್ತುಮೀನು ಅಂತ ಜನ ಬುಟ್ಟಿ, ಕತ್ತಿ ಹಿಡಿದು ರಾತ್ರಿ ಹೊರಡುವುದನ್ನು ನೋಡಿಯೇ ಇರುತ್ತಾರೆ. ಮೀನು ಯಾಕೆ ಅಷ್ಟು ಕಷ್ಟಪಟ್ಟು ಗದ್ದೆಗೆ ಬರುತ್ತದೆ? ಮರಿಗೆ ಹೊಳೆಯ ನಡುನೀರು ಆಗಿಬರುವುದಿಲ್ಲ, ಅದಕ್ಕೆ. ಜಾತಿ ಬೇರೆ, ಋತು ಬೇರೆ. ಲೆಕ್ಕಾಚಾರ ಮಾತ್ರ ಒಂದೇ.

ನೀರು ಬೆಟ್ಟದಾಚೆ ಹೋಯಿತು

1955ರಲ್ಲಿ ಅಮೆರಿಕದ ಸಂಸತ್ತು ಟ್ರಿನಿಟಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. 1960ರ ದಶಕದ ಮೊದಲ ವರ್ಷಗಳಲ್ಲಿ 538 ಅಡಿ ಎತ್ತರದ ಟ್ರಿನಿಟಿ ಅಣೆಕಟ್ಟು, ಅದರ ಕೆಳಗೆ ಲ್ಯೂಯಿಸ್ಟನ್ ಎಂಬ ಸಣ್ಣ ಅಣೆಕಟ್ಟು ಎದ್ದು ನಿಂತವು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಟ್ರಿನಿಟಿ ಜಲಾಶಯದಲ್ಲಿ ಸುಮಾರು 106 ಟಿಎಂಸಿ ನೀರು ಹಿಡಿಯುತ್ತದೆ. ಕೆಆರ್‌ಎಸ್‌ನ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ.

ಈ ನೀರು ಟ್ರಿನಿಟಿ ಕಣಿವೆಗಾಗಿ ಅಲ್ಲ. ಲ್ಯೂಯಿಸ್ಟನ್‌ನಿಂದ ಬೆಟ್ಟದೊಳಗೆ 17 ಕಿಲೋಮೀಟರ್ ಉದ್ದದ ಸುರಂಗ ಕೊರೆದಿದ್ದಾರೆ. ನೀರು ಅದರೊಳಗೆ ಹೋಗಿ, ವಿದ್ಯುತ್ ಉತ್ಪಾದಿಸಿ, ಕೊನೆಗೆ ಸ್ಯಾಕ್ರಮೆಂಟೊ ನದಿ ಸೇರಿ, ಅಲ್ಲಿಂದ ದಕ್ಷಿಣದ ಒಣ ಬಯಲಿನ ಹೊಲಗಳಿಗೆ ಹೋಗುತ್ತದೆ. ಆ ಬಯಲಿನ ದೊಡ್ಡ ಬೆಳೆಗಳಲ್ಲಿ ಬಾದಾಮಿ ಒಂದು. ಕ್ಯಾಲಿಫೋರ್ನಿಯಾದ ಬಾದಾಮಿಯನ್ನು ಹೊರದೇಶಗಳಲ್ಲಿ ಅತಿ ಹೆಚ್ಚು ಕೊಳ್ಳುವವರು ಭಾರತೀಯರು. ಹಾಗಾಗಿ ಈ ಪ್ರಕರಣದಲ್ಲಿ ನಮ್ಮ ಅಡುಗೆಮನೆಯ ಡಬ್ಬಿಗೂ ಒಂದು ಸಣ್ಣ ಪಾತ್ರ ಇದೆ.

ಜಲಾಶಯಕ್ಕೆ ವರ್ಷಕ್ಕೆ ಸರಾಸರಿ 54 ಟಿಎಂಸಿಯಷ್ಟು ನೀರು ಬರುತ್ತಿತ್ತು. ಶುರುವಿನ ವರ್ಷಗಳಲ್ಲಿ ನದಿಗೆ ಅಂತ ಬಿಟ್ಟದ್ದು ಸುಮಾರು 5 ಟಿಎಂಸಿ. ಉಳಿದ ಶೇಕಡಾ 90ರಷ್ಟು ಸುರಂಗದ ಪಾಲು. 1955ರ ಕಾನೂನಿನಲ್ಲಿ ಮೀನುಗಳ ರಕ್ಷಣೆಗೆ ತಕ್ಕ ಕ್ರಮ ಕೈಗೊಳ್ಳಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು, ಅದು ಬೇರೆ ಮಾತು.

ಅಣೆಕಟ್ಟಿನ ಮೇಲಿನ 109 ಮೈಲಿ ಹೊಳೆ ಮೀನಿಗೆ ಮುಚ್ಚಿಹೋಯಿತು. ಅದಕ್ಕೆ ಪರಿಹಾರ ಅಂತ ಲ್ಯೂಯಿಸ್ಟನ್ ಕೆಳಗೆ ಮೀನುಮರಿ ಕೇಂದ್ರ ಕಟ್ಟಿದರು. ಇಷ್ಟಕ್ಕೇ ನಿಂತಿದ್ದರೆ ಕೆಳಗಿನ ಹೊಳೆಯಾದರೂ ಉಳಿಯುತ್ತಿತ್ತೇನೋ. ಉಳಿಯಲಿಲ್ಲ. ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ.

ನದಿ ತಾನೇ ಕಟ್ಟಿಕೊಂಡ ಬದು

ಅಣೆಕಟ್ಟಿಗೆ ಮೊದಲು ಟ್ರಿನಿಟಿ ಒಂದು ಒರಟು ನದಿ. 1955ರ ಡಿಸೆಂಬರಿನಲ್ಲಿ ಲ್ಯೂಯಿಸ್ಟನ್ ಹತ್ತಿರ 71,600 ಕ್ಯೂಸೆಕ್ ನೆರೆ ಬಂದಿತ್ತು. ಬೇಸಿಗೆಯ ಕೊನೆಗೆ ಅದೇ ನದಿ ತೀರಾ ಬಡವಾಗುತ್ತಿತ್ತು. ಹೀಗೆ ಏರಿ ಇಳಿಯುವ ನದಿ ತನ್ನ ದಂಡೆಯನ್ನು ತಾನೇ ಚೊಕ್ಕ ಮಾಡಿಕೊಳ್ಳುತ್ತದೆ. ವಸಂತದಲ್ಲಿ ವಿಲೋ, ಆಲ್ಡರ್ ಮರಗಳ ಬೀಜ ಗಾಳಿಯಲ್ಲಿ, ನೀರಲ್ಲಿ ತೇಲಿ ಬಂದು ಒದ್ದೆ ಮರಳಿನ ಮೇಲೆ ಕೂರುತ್ತದೆ, ಮೊಳೆಯುತ್ತದೆ. ಮುಂದಿನ ನೆರೆ ಬಂದು ಆ ಎಳೆ ಗಿಡಗಳನ್ನು ಬೇರು ಸಮೇತ ಕಿತ್ತು ಒಯ್ಯುತ್ತದೆ. ವರ್ಷ ವರ್ಷವೂ ಇದೇ ಕತೆ. ಬೀಜಕ್ಕೆ ಬೇಜಾರಿಲ್ಲ, ನೆರೆಗೂ ಬೇಜಾರಿಲ್ಲ.

ಅಣೆಕಟ್ಟು ಬಂದ ಮೇಲೆ ವರ್ಷದ ಬಹುಪಾಲು ಸುಮಾರು 150ರಿಂದ 250 ಕ್ಯೂಸೆಕ್ ಅಷ್ಟೇ. ನೀರಿನ ಅಂಚು ಒಂದೇ ಗೆರೆಯಲ್ಲಿ ನಿಂತುಬಿಟ್ಟಿತು. ಆ ಗೆರೆಯುದ್ದಕ್ಕೂ ಗಿಡ ಮೊಳೆಯಿತು. ಕೀಳಲು ಯಾರೂ ಬರಲಿಲ್ಲ. ಗಿಡ ಮರವಾಯಿತು. ಬೇರುಗಳು ಹೆಣೆದುಕೊಂಡವು. ಆಗೀಗ ನೀರು ಸ್ವಲ್ಪ ಏರಿದಾಗ ಬಂದ ಮರಳು ಆ ಕಾಂಡಗಳ ನಡುವೆ ಸಿಕ್ಕಿಕೊಂಡಿತು. ಮರಳಿಗೂ ಬರ ಇರಲಿಲ್ಲ. ಗ್ರಾಸ್ ವ್ಯಾಲಿ ಕ್ರೀಕ್ ಎಂಬ ಉಪನದಿ ಪುಡಿಯಾದ ಗ್ರಾನೈಟನ್ನು ಹೊತ್ತು ತಂದು ಸುರಿಯುತ್ತಲೇ ಇತ್ತು. ಮೊದಲೆಲ್ಲ ಅದನ್ನು ನೆರೆ ತೊಳೆದುಕೊಂಡು ಹೋಗುತ್ತಿತ್ತು. ಈಗ ಅದು ಮೊಟ್ಟೆಯಿಡುವ ಜಲ್ಲಿಯ ಸಂದಿಗಳಲ್ಲಿ ತುಂಬಿತು, ದಂಡೆಯ ಬೇರುಗಳ ನಡುವೆ ಕೂತಿತು.

ಹತ್ತಿಪ್ಪತ್ತು ವರ್ಷಗಳಲ್ಲಿ ನದಿಯ ಎರಡೂ ಕಡೆ ಗದ್ದೆಯ ಬದುವಿನಂಥ ದಿಬ್ಬ ಎದ್ದು ನಿಂತಿತು. ಮೇಲೆ ಹಸಿರು ಮರಗಳ ಸಾಲು. ದೂರದಿಂದ ನೋಡಿದರೆ ಬಲು ಚಂದ. ಒಳಗೆ ಇಳಿದು ನೋಡಿದರೆ ನದಿ ನಾಲೆಯಾಗಿತ್ತು. ನೇರ, ಕಡಿದಾದ ಅಂಚು, ಒಂದೇ ಸಮ ಆಳ, ಒಂದೇ ಸಮ ಓಟ. ಹಿಂದಿದ್ದ ಕವಲುಗಳೆಲ್ಲ ಬದುವಿನ ಆಚೆ ಒಣಗಿ ನಿಂತವು. ಒಂದೂವರೆ ಇಂಚಿನ ಮರಿಗೆ ಕಾಲೂರಲು ಜಾಗವೇ ಇಲ್ಲ. ನಡುಹೊಳೆಗೆ ಜಾರಿದರೆ ಹೊರಗಿನಿಂದ ತಂದು ಬಿಟ್ಟ ಬ್ರೌನ್ ಟ್ರೌಟ್ ಬಾಯಿ ತೆರೆದು ಕಾದಿರುತ್ತದೆ.

1980ರಲ್ಲಿ ಸರ್ಕಾರದ್ದೇ ವರದಿ ಬಂತು. ಮೀನಿನ ಸಂಖ್ಯೆ ಶೇಕಡಾ 60ರಿಂದ 80ರಷ್ಟು ಕುಸಿದಿದೆ, ನೆಲೆ ಶೇಕಡಾ 80ರಿಂದ 90ರಷ್ಟು ಹೋಗಿದೆ ಅಂತ.

ಈ ನಾಲೆಯನ್ನು ಯಾರೂ ಕಟ್ಟಲಿಲ್ಲ ಅನ್ನುವುದು ನನಗೆ ಈ ಪ್ರಕರಣದಲ್ಲಿ ಅತಿ ಮುಖ್ಯ ಅನ್ನಿಸುವ ಸಂಗತಿ. ಬೇರೆ ಎಷ್ಟೋ ನದಿಗಳಲ್ಲಿ ಕವಲು ಮುಚ್ಚಿದ್ದು ಮನುಷ್ಯರೇ. ಏರಿ ಹಾಕಿದರು, ರಸ್ತೆ ಮಾಡಿದರು. ಅಂಥ ಕಡೆ ಏರಿ ಒಡೆದರೆ ಅರ್ಧ ಕೆಲಸ ಮುಗಿಯಿತು. ಇಲ್ಲಿ ಕವಲು ಮುಚ್ಚಿದ್ದು ನೀರಿನ ಕೊರತೆ. ಹಾಗಾಗಿ ಬರೀ ಮಣ್ಣು ತೆಗೆದು ಫಲವಿಲ್ಲ. ಇದು ಅರ್ಥವಾಗಲು ಅವರಿಗೆ ಸುಮಾರು 10 ವರ್ಷ ಹಿಡಿಯಿತು.

ಮೊದಲ ಪ್ರಯತ್ನ

1984ರಲ್ಲಿ ಸಂಸತ್ತು ಇನ್ನೊಂದು ಕಾನೂನು ಮಾಡಿತು. ಅಣೆಕಟ್ಟಿಗೆ ಮುಂಚೆ ಇದ್ದಷ್ಟು ಮೀನು ಮತ್ತೆ ಬರಬೇಕು ಅಂತ ಅದರ ಗುರಿ. ದುಡ್ಡೂ ಬಂತು. ನೀರು ಮಾತ್ರ ಬರಲಿಲ್ಲ. ನೀರು ಕೇಳಿದರೆ ಜಗಳ, ಅಗೆತಕ್ಕೆ ಯಾರ ತಕರಾರೂ ಇಲ್ಲ. ಆದ್ದರಿಂದ ಅಗೆದರು.

1980ರ ದಶಕದ ಕೊನೆಯಿಂದ 1993ರವರೆಗೆ ಲ್ಯೂಯಿಸ್ಟನ್‌ನಿಂದ ಕೆಳಗಿನ 40 ಮೈಲಿಯಲ್ಲಿ 27 ಕಾಮಗಾರಿಗಳಾದವು. ಅದರಲ್ಲಿ 18 ಪಕ್ಕದ ಕವಲುಗಳು. ಬದುವಿನ ಹಿಂದೆ ಕಾಲುವೆ ತೋಡಿ, ಮೇಲ್ತುದಿಯನ್ನೂ ಕೆಳತುದಿಯನ್ನೂ ನದಿಗೆ ಕೂಡಿಸಿದರು. ಉಳಿದ 9 ಕಡೆ ಬದುವನ್ನೇ ಕಡಿದು ದಂಡೆಯನ್ನು ಇಳಿಜಾರು ಮಾಡಿದರು.

ಕವಲುಗಳಿಗೆ ಮರಿಗಳು ಬಂದವು. ಇದನ್ನು ಒಪ್ಪಲೇಬೇಕು. ಜಾಗ ಸಿಕ್ಕರೆ ಮೀನು ಬೇಡ ಅನ್ನುವುದಿಲ್ಲ. ಆದರೆ ಕವಲಿನ ಬಾಯಿಯಲ್ಲಿ ಮರಳು ತುಂಬತೊಡಗಿತು. ಇದಕ್ಕೆ ಕಾರಣ ಸರಳ. ದೊಡ್ಡ ಹೊಳೆಯಿಂದ ಸಣ್ಣ ಹಾದಿಗೆ ತಿರುಗುವ ಕಡೆ ನೀರು ನಿಧಾನವಾಗುತ್ತದೆ. ನಿಧಾನವಾದ ನೀರು ಹೊತ್ತದ್ದನ್ನು ಇಳಿಸುತ್ತದೆ. ತೋಟಕ್ಕೆ ಕಾಲುವೆ ತಿರುಗಿಸಿದವರಿಗೆ ಇದು ಗೊತ್ತು, ಬಾಯಿಯನ್ನೇ ಪದೇ ಪದೇ ಕೆರೆಯಬೇಕಾಗುತ್ತದೆ. ನೆರೆ ಬರುವ ನದಿಯಲ್ಲಾದರೆ ಒಂದು ಕವಲು ಮುಚ್ಚಿದರೆ ಇನ್ನೊಂದು ಕಡೆ ಹೊಸದು ಒಡೆಯುತ್ತದೆ. ಕಟ್ಟಿಹಾಕಿದ ನದಿಯಲ್ಲಿ ಮುಚ್ಚಿದ್ದು ಮುಚ್ಚಿದ ಹಾಗೇ. ಮತ್ತೆ ಯಂತ್ರ ತಂದು ತೆರೆಯಬೇಕು. ಹೀಗೆ ನದಿಯೊಂದಕ್ಕೆ ಪ್ರತಿ ವರ್ಷ ಮಾಲಿ ಕೆಲಸ ಮಾಡುವುದು ಎಲ್ಲಿಯವರೆಗೆ?

ಬದು ಕಡಿದ 9 ಜಾಗಗಳ ಅನುಭವ ಬೇರೆ. 1990ರ ದಶಕದ ನಡುವಿನಲ್ಲಿ ಮಳೆ ಚೆನ್ನಾಗಿ ಆಗಿ ಅಣೆಕಟ್ಟಿನಿಂದ ಜಾಸ್ತಿ ನೀರು ಬಿಡಬೇಕಾಗಿ ಬಂತು. ಆಗ ಅವುಗಳಲ್ಲಿ ಕೆಲವು ಕಡೆ ನದಿ ತಾನಾಗಿಯೇ ಜಲ್ಲಿಯ ದಿನ್ನೆ ಕಟ್ಟಿತು, ದಂಡೆ ಮೆತ್ತಗಾಯಿತು, ತೆಳು ನೀರಿನ ಅಂಚು ಮೂಡಿತು. ಬದು ಇದ್ದ ಕಡೆ ಅದೇ ನೀರು ಬಂದರೂ ಏನೂ ಬದಲಾಗಲಿಲ್ಲ. ಮೂವತ್ತು ವರ್ಷದ ಬೇರನ್ನು ನೀರೊಂದೇ ಕೀಳಲಾರದು.

ಇಲ್ಲಿ ಎರಡು ಮಾತು ಒಟ್ಟಿಗೆ ಸಾಬೀತಾದವು. ನೀರಿಲ್ಲದೆ ಅಗೆತ ನಿಲ್ಲುವುದಿಲ್ಲ. ಅಗೆಯದೆ ನೀರು ಮುಟ್ಟುವುದಿಲ್ಲ. ಹದಿನೆಂಟು ಕವಲುಗಳಿಂದ ಬಂದ ಲಾಭಕ್ಕಿಂತ ಈ ಪಾಠದ ಬೆಲೆ ಜಾಸ್ತಿ ಅಂತ ನನ್ನ ಅಭಿಪ್ರಾಯ.

ನೀರಿನ ಕೇಸು

ನದಿಗೆ ಎಷ್ಟು ನೀರು ಬೇಕು ಅಂತ ಅಧ್ಯಯನ ಮಾಡಲು 1981ರಲ್ಲೇ ಅಂದಿನ ಗೃಹಾಂಗ ಕಾರ್ಯದರ್ಶಿ ಸೆಸಿಲ್ ಆಂಡ್ರಸ್ ಆದೇಶ ಕೊಟ್ಟಿದ್ದರು. (ಅಲ್ಲಿ ಆ ಖಾತೆ ನೋಡಿಕೊಳ್ಳುವುದು ಪೊಲೀಸರನ್ನಲ್ಲ, ಸರ್ಕಾರಿ ನೆಲ ಮತ್ತು ನೀರನ್ನು.) ಹನ್ನೆರಡು ವರ್ಷದ ಅಧ್ಯಯನ ಅಂತ ಹೇಳಿದ್ದು. ವರದಿ ಬಂದಿದ್ದು 1999ರಲ್ಲಿ. ನಡುವೆ 1992ರಲ್ಲಿ ಸಂಸತ್ತು ವರ್ಷಕ್ಕೆ ಸುಮಾರು 15 ಟಿಎಂಸಿಯಾದರೂ ನದಿಗೆ ಬಿಡಲೇಬೇಕು ಅಂತ ಮಾಡಿತ್ತು. ಅಧ್ಯಯನದ ಶಿಫಾರಸು ಜಾರಿಯಾಗಲು ಹೂಪಾ ಬುಡಕಟ್ಟಿನ ಒಪ್ಪಿಗೆ ಬೇಕು ಅಂತಲೂ ಅದೇ ಕಾನೂನು ಹೇಳಿತು. ಇದು ಸಣ್ಣ ವಿಷಯ ಅಲ್ಲ. ಮೀನು ಹಿಡಿಯುವ ಹಕ್ಕು ಇದೆ ಅಂದಮೇಲೆ ಮೀನು ಇರಬೇಕು, ಮೀನು ಇರಬೇಕಾದರೆ ನೀರು ಇರಬೇಕು ಅನ್ನುವ ಅವರ ವಾದಕ್ಕೆ ಕಾನೂನಿನ ಬಲ ಸಿಕ್ಕಿತು.

2000ದ ಡಿಸೆಂಬರ್ 19ರಂದು ಗೃಹಾಂಗ ಕಾರ್ಯದರ್ಶಿ ಬ್ರೂಸ್ ಬ್ಯಾಬಿಟ್ ತೀರ್ಮಾನಕ್ಕೆ ಸಹಿ ಹಾಕಿದರು. ಬರಗಾಲದ ವರ್ಷ ಸುಮಾರು 16 ಟಿಎಂಸಿ, ಭಾರೀ ಮಳೆಯ ವರ್ಷ 35 ಟಿಎಂಸಿಗೂ ಸ್ವಲ್ಪ ಜಾಸ್ತಿ ನದಿಗೆ. ಮಧ್ಯೆ ಮೂರು ಹಂತ. ಸರಾಸರಿ ನೋಡಿದರೆ ಅರ್ಧಕ್ಕಿಂತ ತುಸು ಕಡಿಮೆ ನದಿಗೆ, ಉಳಿದದ್ದು ಸುರಂಗಕ್ಕೆ. ನೀರನ್ನು ಸುಮ್ನೆ ಒಂದೇ ಸಮ ಬಿಡುವುದಲ್ಲ. ವಸಂತದಲ್ಲಿ ಹಿಮ ಕರಗಿದಾಗ ನದಿ ಹೇಗೆ ಏರುತ್ತಿತ್ತೋ ಹಾಗೆ ಏರಿಸಿ, ಹಾಗೇ ನಿಧಾನ ಇಳಿಸುವುದು. ಬರದ ವರ್ಷ ಗರಿಷ್ಠ 1,500 ಕ್ಯೂಸೆಕ್, ಭಾರೀ ಮಳೆಯ ವರ್ಷ 11,000 ಕ್ಯೂಸೆಕ್. ಇಳಿಸುವ ವೇಗಕ್ಕೂ ಒಂದು ಉಪಾಯ ಇದೆ. ಬೀಜ ನೀರಿನ ಅಂಚಿನಲ್ಲೇ ಬೇರು ಬಿಡದೆ, ಸ್ವಲ್ಪ ಮೇಲೆ ಮೊಳೆಯುವಂತೆ ಅಥವಾ ಕೊಚ್ಚಿಹೋಗುವಂತೆ. ಮತ್ತೆ ಬದು ಕಟ್ಟಬಾರದಲ್ಲ!

ಇದರ ಜೊತೆಗೆ 40 ಮೈಲಿಯಲ್ಲಿ 47 ಜಾಗಗಳಲ್ಲಿ ಬದು ಕಡಿದು, ಕವಲು ತೆರೆದು, ನದಿಯನ್ನು ಬಿಡಿಸುವ ಯೋಜನೆ ಒಂದೇ ತೀರ್ಮಾನದಲ್ಲಿ ಸೇರಿತು. ನೀರೂ ಅಗೆತವೂ ಒಂದೇ ಕಾಗದದಲ್ಲಿ ಬಂದದ್ದು ಇದೇ ಮೊದಲು.

ನೀರು ಕಳೆದುಕೊಳ್ಳುವವರು ಸುಮ್ಮನಿರುತ್ತಾರಾ? ದಕ್ಷಿಣದ ಹೊಲಗಳಿಗೆ ನೀರು ಹಂಚುವ ವೆಸ್ಟ್‌ಲ್ಯಾಂಡ್ಸ್ ಎಂಬ ನೀರಾವರಿ ಸಂಸ್ಥೆ ಕೋರ್ಟಿಗೆ ಹೋಯಿತು. ಕೆಳ ನ್ಯಾಯಾಲಯ ಹೆಚ್ಚುವರಿ ನೀರಿಗೆ ತಡೆ ಹಾಕಿತು. ಕೇಸು ನಡೆಯುತ್ತಿರುವಾಗಲೇ, 2002ರ ಸೆಪ್ಟೆಂಬರಿನಲ್ಲಿ ಕೆಳಗಿನ ಕ್ಲಾಮತ್ ನದಿಯಲ್ಲಿ ನೀರು ಕಡಿಮೆಯಾಗಿ, ಬಿಸಿಯಾಗಿ, ರೋಗ ಹರಡಿ, 30 ಸಾವಿರಕ್ಕೂ ಜಾಸ್ತಿ ದೊಡ್ಡ ಸಾಲ್ಮನ್‌ಗಳು ಸತ್ತವು. ಅವುಗಳಲ್ಲಿ ಟ್ರಿನಿಟಿಗೆ ಹೊರಟವೂ ಇದ್ದವು. 2004ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ತಡೆ ತೆಗೆಯಿತು. ಕಾವೇರಿಯ ಕ್ಯೂಸೆಕ್ ಲೆಕ್ಕ ಓದಿ ಬೆಳೆದ ನಮಗೆ ಈ ಭಾಗ ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ? ಅಲ್ಲಿ ಒಂದೇ ವ್ಯತ್ಯಾಸ. ಕಕ್ಷಿದಾರರಲ್ಲಿ ನದಿಯ ಪರವಾಗಿ ನಿಂತವರೂ ಇದ್ದರು.

ಗೆದ್ದ ಮೇಲೂ 11,000 ಕ್ಯೂಸೆಕ್ ಬಿಡಲು ಆಗುತ್ತಿರಲಿಲ್ಲ. ನಲವತ್ತು ವರ್ಷ ನೆರೆ ಕಾಣದ ದಂಡೆಯಲ್ಲಿ ಜನ ಮನೆ ಕಟ್ಟಿದ್ದರು, ತಗ್ಗಿನಲ್ಲಿ ಸೇತುವೆಗಳಿದ್ದವು. ನಾಲ್ಕು ಸೇತುವೆಗಳನ್ನು ಎತ್ತರಿಸಿ ಹೊಸದಾಗಿ ಕಟ್ಟಬೇಕಾಯಿತು. ಕವಲು ಜೋಡಿಸುವ ಯೋಜನೆಯ ಖರ್ಚಿನಲ್ಲಿ ಸೇತುವೆಯೂ ಬರುತ್ತದೆ ಅನ್ನುವುದು ಮೊದಲ ನಕ್ಷೆ ಬರೆಯುವಾಗ ಯಾರಿಗೂ ಹೊಳೆಯುವುದಿಲ್ಲ.

ಎರಡನೇ ಸುತ್ತಿನ ಅಗೆತ

2005ರಲ್ಲಿ ಜಂಕ್ಷನ್ ಸಿಟಿ ಹತ್ತಿರದ ಹಾಕರ್ ಫ್ಲಾಟ್‌ನಲ್ಲಿ ಶುರು. ಆಮೇಲೆ ಸಾಮಿಲ್, ಲೌಡನ್ ರಾಂಚ್, ವೀಲ್ ಗಲ್ಚ್, 2016ರಲ್ಲಿ ಬಕ್‌ಟೇಲ್, ಹೀಗೆ ಒಂದೊಂದಾಗಿ. ಕೆಲಸ ನಡೆಯುವುದು ಬೇಸಿಗೆಯ ಕೊನೆಯಲ್ಲಿ, ನೀರು ಕಡಿಮೆ ಇರುವಾಗ, ಮೊಟ್ಟೆಯಿಡಲು ಮೀನು ಗುಂಡಿ ತೋಡುವ ಮೊದಲು. ನಾವು ಹಿಟಾಚಿ ಅಂತ ಕರೆಯುವ ಯಂತ್ರಗಳು ಬದುವಿನ ಮರಗಳನ್ನು ಬೇರು ಸಮೇತ ಎತ್ತುತ್ತವೆ. ಆ ಮರಗಳನ್ನು ಬಿಸಾಡುವುದಿಲ್ಲ. ಬೇರಿನ ಜಡೆ ನೀರಿಗೆ ಚಾಚುವ ಹಾಗೆ, ಕಾಂಡವನ್ನು ದಂಡೆಯಲ್ಲಿ ಹೂತು, ಕವಲಿನ ಬಾಯಿಯ ಹತ್ತಿರ ಇಡುತ್ತಾರೆ.

ಅದು ಅಲಂಕಾರಕ್ಕಲ್ಲ. ಬೇರಿನ ಜಡೆಗೆ ಬಡಿದ ನೀರು ಸುತ್ತಿ ಸುಳಿಯುತ್ತದೆ, ಅಲ್ಲಿ ತಳ ಕೊರೆಯುತ್ತದೆ, ಕವಲಿನ ಬಾಯಿ ತೆರೆದೇ ಇರುತ್ತದೆ. ಜಡೆಯ ಹಿಂಬದಿಯಲ್ಲಿ ನೀರು ನಿಂತ ಹಾಗಿರುತ್ತದೆ. ಮರಿಗಳು ಅಲ್ಲಿ ಮೂತಿಯನ್ನು ಹರಿವಿನ ಕಡೆ ಮಾಡಿ, ನಿಂತಲ್ಲೇ ಬಾಲ ಆಡಿಸುತ್ತಾ, ಪಕ್ಕದ ಓಟದಲ್ಲಿ ತೇಲಿಬರುವ ಹುಳಕ್ಕೆ ಒಮ್ಮೆ ಚಂಗನೆ ಹೋಗಿ, ಹಿಡಿದು, ಮತ್ತೆ ಬೇರಿನ ನೆರಳಿಗೆ ಬರುತ್ತವೆ. ಮೊದಲ ಸುತ್ತಿನ ಕವಲುಗಳು ಕಾಲುವೆಗಳಾಗಿದ್ದವು. ಇವು ಅಂಕುಡೊಂಕು, ಕೆಲವು ಬೇಸಿಗೆಯಲ್ಲೂ ಹರಿಯುತ್ತವೆ, ಕೆಲವು ನೆರೆಗೆ ಮಾತ್ರ ತೆರೆಯುತ್ತವೆ, ಕೆಲವು ಒಂದು ಕಡೆ ಮಾತ್ರ ಕೂಡಿಕೊಂಡ ಹಿನ್ನೀರು. ಕೋಹೋಗೆ ಈ ಹಿನ್ನೀರು ಪ್ರೀತಿ. ಈ ಭಾಗದ ಕೋಹೋ 1997ರಿಂದ ಅಪಾಯದಲ್ಲಿರುವ ಮೀನಿನ ಪಟ್ಟಿಯಲ್ಲಿದೆ.

ಇನ್ನೊಂದು ಕೊರತೆಯನ್ನೂ ತುಂಬಬೇಕಿತ್ತು. ಅಣೆಕಟ್ಟು ನೀರನ್ನಷ್ಟೇ ಅಲ್ಲ, ಜಲ್ಲಿಯನ್ನೂ ತಡೆಯುತ್ತದೆ. ನೀರು ಬಿಟ್ಟು ಜಲ್ಲಿ ಕೊಡದಿದ್ದರೆ ನದಿ ತನ್ನ ತಳವನ್ನೇ ತಿಂದು ಕೆಳಗೆ ಇಳಿಯುತ್ತದೆ, ಕವಲುಗಳು ಮತ್ತೆ ಮೇಲೆ ಉಳಿದುಬಿಡುತ್ತವೆ. ಅದಕ್ಕೆ ಲ್ಯೂಯಿಸ್ಟನ್ ಕೆಳಗೆ ನೀರು ಏರಿದ ದಿನಗಳಲ್ಲಿ ಲೋಡರ್‌ಗಳು ಜಲ್ಲಿಯನ್ನು ನೇರ ಹೊಳೆಗೆ ಸುರಿಯುತ್ತಿದ್ದವು. ನೆರೆ ಅದನ್ನು ಹೊತ್ತುಕೊಂಡು ಹೋಗಿ ತನಗೆ ಬೇಕಾದ ಕಡೆ ಇಡಲಿ ಅಂತ.

ನೆರೆ ಇಟ್ಟಿದ್ದು ಎಲ್ಲರಿಗೂ ಬೇಕಾದ ಕಡೆ ಆಗಿರಲಿಲ್ಲ. ಗಾಳದ ಮೀನುಗಾರರನ್ನು ದೋಣಿಯಲ್ಲಿ ಕರೆದೊಯ್ಯುವ ಗೈಡ್‌ಗಳು ಸಿಟ್ಟಾದರು. ದೊಡ್ಡ ಸಾಲ್ಮನ್ ಬೇಸಿಗೆಯಲ್ಲಿ ತಂಪಾಗಿ ಕೂರುವ ಆಳವಾದ ಮಡುಗಳು ಜಲ್ಲಿಯಿಂದ ತುಂಬುತ್ತಿವೆ ಅನ್ನುವುದು ಅವರ ದೂರು. ಮರಿಗೆ ಮನೆ ಕಟ್ಟಲು ಹೋಗಿ ತಾಯಿಯ ಮನೆ ಮುಚ್ಚುತ್ತಿದ್ದೀರಿ ಅನ್ನುವ ಹಾಗೆ. ವಿಜ್ಞಾನಿಗಳು ಮಡುಗಳನ್ನು ಅಳೆಯಬೇಕಾಯಿತು, ಜಲ್ಲಿ ಸುರಿಯುವ ಜಾಗ ಮತ್ತು ಪ್ರಮಾಣದ ಬಗ್ಗೆ ಮತ್ತೆ ಮಾತುಕತೆ ನಡೆಯಿತು. ನನಗೆ ಗೈಡ್‌ಗಳ ಮಾತು ಪೂರ್ತಿ ತಪ್ಪು ಅನ್ನಿಸುವುದಿಲ್ಲ. ದಿನಾ ಅದೇ ಮಡುವಿನ ಮೇಲೆ ದೋಣಿ ನಿಲ್ಲಿಸುವವರಿಗೆ ಅದರ ಆಳ ಗೊತ್ತಿರುತ್ತದೆ.

ಮೀನು ಬಂತಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಕಾಮಗಾರಿ ಆದ ಕಡೆಗಳಲ್ಲಿ ಮರಿಗಳ ಜಾಗ ಹೆಚ್ಚಿದೆ. ಮರಿಗಳು ಅಲ್ಲಿ ಕಾಣುತ್ತವೆ. ಆದರೆ ಮೀನುಮರಿ ಕೇಂದ್ರದವನ್ನು ಬಿಟ್ಟು, ನದಿಯಲ್ಲೇ ಹುಟ್ಟಿ ವಾಪಸ್ ಬರುವ ಶರತ್ಕಾಲದ ಚಿನೂಕ್ ವರ್ಷಕ್ಕೆ 62,000 ಇರಬೇಕು ಅನ್ನುವುದು ಗುರಿ. ಆ ಗುರಿ ಇನ್ನೂ ಕೈಗೆ ಸಿಕ್ಕಿಲ್ಲ. 2023 ಮತ್ತು 2024ರಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಸಾಲ್ಮನ್ ಹಿಡಿಯುವುದನ್ನೇ ನಿಲ್ಲಿಸಿದ್ದರು.

ಯಾಕೆ ಅನ್ನುವುದಕ್ಕೆ ಸಮುದ್ರದ ಬಿಸಿ, ಬರಗಾಲ, ಕ್ಲಾಮತ್‌ನ ರೋಗ ಎಲ್ಲ ಕಾರಣಗಳಿವೆ. 40 ಮೈಲಿಯ ರಿಪೇರಿ ಇವನ್ನೆಲ್ಲ ಸರಿ ಮಾಡಲಾರದು. ಆದರೆ ಮನೆಯೊಳಗೇ ಒಂದು ತಪ್ಪಿತ್ತು ಅಂತ ಯೋಜನೆಯ ವಿಜ್ಞಾನಿಗಳೇ ಈಚೆಗೆ ಹೇಳತೊಡಗಿದರು. ತಪ್ಪು ನೀರಿನ ಪ್ರಮಾಣದಲ್ಲಿ ಅಲ್ಲ, ಸಮಯದಲ್ಲಿ.

ನದಿಗೆ ಅಂತ ಇಟ್ಟ ಹೆಚ್ಚುವರಿ ನೀರನ್ನು ಬಹುತೇಕ ಏಪ್ರಿಲ್ ಕೊನೆಯಿಂದ ಜುಲೈವರೆಗೆ ಬಿಡುತ್ತಿದ್ದರು. ಆದರೆ ಅಣೆಕಟ್ಟಿಗೆ ಮೊದಲು ಟ್ರಿನಿಟಿಯ ಮಳೆ ನೆರೆ ಬರುತ್ತಿದ್ದದ್ದು ಚಳಿಗಾಲದಲ್ಲಿ. ಮರಿಗಳು ಜಲ್ಲಿಯಿಂದ ಹೊರಬರುವುದೂ ಜನವರಿಯಿಂದಲೇ. ಆಗ ನದಿಯಲ್ಲಿ ಬರೀ 300 ಕ್ಯೂಸೆಕ್. ಅಷ್ಟಕ್ಕೆ ಎಷ್ಟೋ ಕವಲುಗಳ ಬಾಯಿಗೆ ನೀರು ಮುಟ್ಟುವುದೇ ಇಲ್ಲ. ಮೇ ತಿಂಗಳಲ್ಲಿ ನೀರು ಬಂದು ಕವಲು, ಬಯಲು ಎಲ್ಲ ತುಂಬುವ ಹೊತ್ತಿಗೆ ಎಷ್ಟೋ ಮರಿಗಳು ಬೆಳೆದಿರುತ್ತವೆ ಅಥವಾ ಹೊರಟುಹೋಗಿರುತ್ತವೆ. ಬಂದ ನೀರಾದರೂ ಜಲಾಶಯದ ತಳದಿಂದ ಬಂದ ತಣ್ಣನೆಯ ನೀರು. ಅದರಲ್ಲಿ ಮರಿ ಬೇಗ ಬೆಳೆಯುವುದಿಲ್ಲ. ಅಂಚಿನಲ್ಲಿ ಮೊಟ್ಟೆಯಿಡುವ ಹಳದಿ ಕಾಲಿನ ಕಪ್ಪೆಗೂ ಆ ತಣ್ಣೀರು ಆಗುವುದಿಲ್ಲ.

ಒಟ್ಟಿನಲ್ಲಿ ಮನೆ ಕಟ್ಟಿ, ಬಾಗಿಲು ಇಟ್ಟು, ಬಾಡಿಗೆಯವರು ಹೋದ ಮೇಲೆ ಬೀಗ ತೆಗೆದ ಹಾಗೆ ಆಯಿತು. ಅದಕ್ಕೆ ಅವರು ಮುಂದಿಟ್ಟ ಸಲಹೆ, ಒಟ್ಟು ನೀರು ಅಷ್ಟೇ ಇರಲಿ, ಅದರಲ್ಲೊಂದು ಪಾಲನ್ನು ಚಳಿಗಾಲಕ್ಕೆ ಸರಿಸೋಣ, ಉಪನದಿಗಳಲ್ಲಿ ಮಳೆ ನೀರು ಬಂದ ದಿನವೇ ಅಣೆಕಟ್ಟಿನಿಂದಲೂ ಬಿಡೋಣ ಅಂತ. ಚಳಿಗಾಲದಲ್ಲೇ ಸ್ಟೀಲ್‌ಹೆಡ್ ಗಾಳದ ಋತು. ನೀರು ಏರಿದರೆ, ಕದಡಿದರೆ ದೋಣಿ ಇಳಿಯಲು ಕಷ್ಟ. ಗೈಡ್‌ಗಳಲ್ಲಿ ಕೆಲವರು ಇದಕ್ಕೂ ತಕರಾರು ತೆಗೆದರು.

ಅಗೆತ ನಿಂತಿಲ್ಲ. 2022-23ರಲ್ಲಿ ಜಂಕ್ಷನ್ ಸಿಟಿ ಹತ್ತಿರದ ಒರೆಗಾನ್ ಗಲ್ಚ್‌ನಲ್ಲಿ ಚಿನ್ನದ ಗಣಿಯವರು ಬಿಟ್ಟುಹೋದ ಕಲ್ಲುರಾಶಿಗಳನ್ನು ಲಾರಿಗಳಲ್ಲಿ ಸಾಗಿಸಿದರು. ಅಲ್ಲಿ ನದಿಯನ್ನು ಒಂದು ಬದಿಗೆ ಒತ್ತಿ ಹಿಡಿದದ್ದು ವಿಲೋ ಬೇರಲ್ಲ, ಆ ರಾಶಿಗಳು. ಹಳೆಯ 18 ಕವಲುಗಳ ಕಾಲದಲ್ಲಿ ರಾಶಿಯ ಪಕ್ಕದಲ್ಲಿ ಒಂದು ಕಾಲುವೆ ತೋಡಿ ಬರುತ್ತಿದ್ದರೇನೋ. ಈ ಸಲ ಕಣಿವೆಯ ನೆಲವನ್ನೇ ತಗ್ಗಿಸಿ, ಸಣ್ಣ ನೆರೆಗೂ ನದಿ ಅಗಲವಾಗಿ ಹರಡಿಕೊಳ್ಳಲು ಜಾಗ ಮಾಡಿದರು.

ಕೆಳಗೆ ವಿಲೋ ಕ್ರೀಕ್ ಊರಿನ ಹತ್ತಿರ ನದಿಯಲ್ಲಿ ತೇಲುವ ಬಲೆಗಳನ್ನು ಕಟ್ಟುತ್ತಾರೆ. ದೊಡ್ಡ ಆಲಿಕೆಯಂಥ ಶಂಕು, ಒಳಗೆ ತಿರುಪು. ಹರಿವೇ ಅದನ್ನು ಗಿರಗಿರ ತಿರುಗಿಸುತ್ತದೆ. ಸಮುದ್ರಕ್ಕೆ ಹೊರಟ ಮರಿಗಳಲ್ಲಿ ಕೆಲವು ಅದರೊಳಗೆ ಹೋಗಿ ಹಿಂದಿನ ಪೆಟ್ಟಿಗೆಗೆ ಬೀಳುತ್ತವೆ. ಬೆಳಗ್ಗೆ ಬಂದವರು ಪೆಟ್ಟಿಗೆಯ ಮುಚ್ಚಳ ತೆಗೆದು, ಸಣ್ಣ ಬಲೆಯಿಂದ ಮರಿಗಳನ್ನು ಎತ್ತಿ, ಜಾತಿ ನೋಡಿ ಎಣಿಸುತ್ತಾರೆ. ಕೆಲವನ್ನು ಗೆರೆ ಕೊರೆದ ಒದ್ದೆ ಹಲಗೆಯ ಮೇಲೆ ಮಲಗಿಸಿ ಮೂತಿಯಿಂದ ಬಾಲದ ಕವಲಿನವರೆಗೆ ಮಿಲಿಮೀಟರಿನಲ್ಲಿ ಅಳೆದು, ಬಕೆಟ್ಟಿನಲ್ಲಿ ಸ್ವಲ್ಪ ಸುಧಾರಿಸಿಕೊಳ್ಳಲು ಬಿಟ್ಟು, ಮತ್ತೆ ಹೊಳೆಗೆ ಸುರಿಯುತ್ತಾರೆ. ನೀರನ್ನು ಯಾವ ತಿಂಗಳು ಬಿಡಬೇಕು ಅನ್ನುವ ವಾದ ಎಲ್ಲ ಸುತ್ತಿ ಬಂದು ನಿಲ್ಲುವುದು ಆ ಹಲಗೆಯ ಗೆರೆಗಳ ಮೇಲೆ.